ರಾತ್ರಿ ಅಳುವ ಮಗು

ಮರಿಯಮ್ಮನಹಳ್ಳಿ ನಾಟಕದವರ ಊರು. ಇರುಳೆಲ್ಲ ಎಚ್ಚರವಾಗಿರುವುದು ಅಲ್ಲಿಯ ಜನಕ್ಕೆ ಹೊಸತಲ್ಲ. ಆದರೆ ನಾಟಕವಿಲ್ಲದ ರಾತ್ರಿಯಲ್ಲಿಯೂ ನಾಲ್ಕು ವರ್ಷದ ಮಗು ಮಲಗಿದ ಒಂದೆರಡು ಗಂಟೆಗೆಲ್ಲ ಎದ್ದು ಕುಳಿತು, ಕೆರೆದುಕೊಳ್ಳುತ್ತ ಅಳತೊಡಗಿದರೆ?

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಮಾರನೆಯ ರಾತ್ರಿಯೂ ಅದೇ ಅಳು ಕೇಳಿದಾಗ, ‘ಬೆಲ್ಲ ಕೊಟ್ಟು ಕೊಟ್ಟು ಹೊಟ್ಟೇಲಿ ಹುಳ ಎಬ್ಬಿಸೀಯಲ್ಲವ್ವ’ ಎಂದು ಸೊಸೆಯ ಮೇಲೆ ಹರಿಹಾಯುತ್ತಾಳೆ. ತಾಯಿ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸುತ್ತಾಳೆ. ಅಂಗನವಾಡಿಯಲ್ಲಿ ನಾಲ್ವರೆದುರು ಕೆರೆದುಕೊಂಡನೆಂದು ಮಗನ ಕೈಗೆ ಎರಡೇಟು ಹಾಕುತ್ತಾಳೆ. ಬೆಲ್ಲವೂ ತಪ್ಪಿತು, ಏಟೂ ಬಿತ್ತು. ಹುಳು ಮಾತ್ರ ಇದ್ದಲ್ಲಿಯೇ ಇದೆ.

ಅಜ್ಜಿ ಹುಳುವೆಂದದ್ದು ಸರಿ, ಬೆಲ್ಲವೆಂದದ್ದು ತಪ್ಪು. ಬಿಳಿ ದಾರದ ತುಣುಕಿನಂತಿರುವ ಈ ಹುಳುವಿನ ಹೆಣ್ಣು ಸುಮಾರು ಒಂದು ಸೆಂಟಿಮೀಟರ್ ಉದ್ದವಿರುತ್ತದೆ. ಮಗು ನಿದ್ರಿಸಿದ ಮೇಲೆ ಅದು ಕರುಳಿನಿಂದ ಹೊರಬಂದು ಗುದದ್ವಾರದ ಸುತ್ತ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ತುರಿಕೆ ಅದರಿಂದಲೇ. ಕೆರೆದ ಉಗುರಿನ ಸಂದಿಯಲ್ಲಿ ಮೊಟ್ಟೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಸೋಂಕು ಹರಡಲು ಸಿದ್ಧವಾಗುತ್ತದೆ. ಬೆರಳು ಬಾಯಿಗೆ ಹೋದರೆ ಮುಗಿಯಿತು. ಬೆರಳು ಚೀಪುವ, ಉಗುರು ಕಚ್ಚುವ, ಕೈ ತೊಳೆಯದೆ ತಿನ್ನುವ ಎಳೆಯರಲ್ಲಿ, ಒಂದೇ ಹಾಸಿಗೆಯಲ್ಲಿ ಮೂವರು ಮಲಗುವ ಮನೆಗಳಲ್ಲಿ ಅದು ಬೇಗ ಹಬ್ಬುವುದು ಈ ಕಾರಣದಿಂದ. ಹೊದಿಕೆ, ಆಟಿಕೆಗಳ ಮೇಲೆ ಮೊಟ್ಟೆಗಳು ಎರಡು ಮೂರು ವಾರ ಬದುಕಿರಬಲ್ಲವು. ಬೀದಿಯ ನಾಯಿಯನ್ನು ದೂರಿ ಫಲವಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೇ ಬರುವಂಥದು. ಬೆಂಗಳೂರಿನ ನರ್ಸರಿ ಶಾಲೆಯ ಇಸ್ತ್ರಿ ಮಾಡಿದ ಸಮವಸ್ತ್ರವನ್ನೂ ಅದು ಲೆಕ್ಕಿಸುವುದಿಲ್ಲ.

‘ಅಂಗನವಾಡಿಯಲ್ಲಿ ಮಾತ್ರೆ ಕೊಟ್ಟಿದ್ದರಲ್ಲ!’ ಎಂದು ತಾಯಿ ಕೇಳಬಹುದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆ ಮುಖ್ಯವಾಗಿ ಮಣ್ಣಿನಿಂದ ಬರುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗಾಗಿ. ಅದು ಈ ದಾರಹುಳುವನ್ನೂ ಕೊಲ್ಲುತ್ತದೆ, ನಿಜ. ಆದರೆ ಮೊಟ್ಟೆಗಳನ್ನು ನಿಶ್ಶೇಷ ಮಾಡಲಾರದು. ಆದುದರಿಂದಲೇ ವೈದ್ಯರು ಎರಡು ವಾರಗಳ ನಂತರ ಮತ್ತೊಮ್ಮೆ ಔಷಧ ಕೊಡುತ್ತಾರೆ. ಅದೂ ಸಾಮಾನ್ಯವಾಗಿ ಮನೆಮಂದಿಗೆಲ್ಲ ಒಂದೇ ದಿನ. ಅಣ್ಣನನ್ನು ಬಿಟ್ಟು ತಮ್ಮನಿಗೆ ಮಾತ್ರ ಕೊಟ್ಟರೆ ಅಣ್ಣನಿಂದ ತಮ್ಮನಿಗೆ ಅದು ಮರಳಿ ಬರುತ್ತದೆ. ಗರ್ಭಿಣಿಯರೂ ಎರಡು ವರ್ಷದೊಳಗಿನ ಶಿಶುಗಳೂ ಮನೆಯಲ್ಲಿದ್ದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಈ ಹುಳು ಮಲಪರೀಕ್ಷೆಯಲ್ಲಿ ಅನೇಕ ಸಲ ಸಿಕ್ಕುವುದಿಲ್ಲ. ಬೆಳಗ್ಗೆ, ಮಗು ಬಯಲಿಗೋ ಸ್ನಾನಕ್ಕೋ ಹೋಗುವ ಮುನ್ನ, ಪಾರದರ್ಶಕ ಅಂಟುಪಟ್ಟಿಯನ್ನು ಆ ಜಾಗಕ್ಕೆ ಒತ್ತಿ, ಗಾಜಿನ ಮೇಲಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆಗಳು ಕಾಣುತ್ತವೆ. ಇದನ್ನು ಹೇಳಿಕೊಳ್ಳಲು ನಾಚಿಕೊಳ್ಳುವವರೇ ಹೆಚ್ಚು. ಹೆಣ್ಣುಮಕ್ಕಳಲ್ಲಿ ಹುಳು ಮುಂದಕ್ಕೆ ಸರಿದು ಜನನಾಂಗದಲ್ಲಿಯೂ ಉರಿ ತರುವುದುಂಟು. ಅಲ್ಲಂತೂ ನಾಚಿಕೆ ಇಮ್ಮಡಿ, ಮಗುವಿನ ಯಾತನೆಯೂ ಇಮ್ಮಡಿ.

ಉಗುರು ಕತ್ತರಿಸಿ, ಎದ್ದೊಡನೆ ಸ್ನಾನ ಮಾಡಿಸಿ, ಒಳಉಡುಪನ್ನು ದಿನವೂ ಬದಲಿಸಬೇಕು. ಹೊದಿಕೆಗಳನ್ನು ಕೋಣೆಯಲ್ಲಿ ಕೊಡವದೆ ಬಿಸಿನೀರಿನಲ್ಲಿ ಒಗೆಯಬೇಕು. ಎರಡನೆಯ ಮಾತ್ರೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಬೆಲ್ಲದ ಡಬ್ಬಿಯನ್ನು ಅಟ್ಟದಿಂದ ಇಳಿಸಲು ಮಾತ್ರ ಅಷ್ಟು ದಿನ ಕಾಯಬೇಕಾಗಿಲ್ಲ.