ಹೋದ ವರ್ಷದ ಪಂಚಾಂಗ

ಕಳೆದ ಸಂಚಿಕೆಯಲ್ಲಿ ಮನೆಸಾಲದ ಕಂತಿನ ಲೆಕ್ಕವನ್ನು ಬಿಡಿಸಿ ಬರೆದ ಮೇಲೆ, ಕಲ್ಯಾಣ ಡೊಂಬಿವಲಿಗಳ ಕಡೆಯ ಇಬ್ಬರು ಮೂವರು ಸದಸ್ಯರು ಸಂಘದ ಸಭೆಯಲ್ಲಿ ನನ್ನನ್ನು ತಡೆದು ಒಂದೇ ಪ್ರಶ್ನೆಯನ್ನು ಕೇಳಿದರು. “ನಮ್ಮ ಹುಡುಗರು ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಬಿಟ್‌ಕಾಯಿನ್ ವ್ಯಾಪಾರಕ್ಕೆ ಸೂತ್ರ ಕಟ್ಟುತ್ತಾರೆ. ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡಿದ್ದೇವೆ, ಲಾಭವೇ ಲಾಭ ಎನ್ನುತ್ತಾರೆ. ಇದನ್ನು ನಂಬಬಹುದೆ?” ಉತ್ತರವನ್ನು ಎಲ್ಲರಿಗೂ ಒಟ್ಟಿಗೆ ಹೇಳುವುದು ಒಳ್ಳೆಯದೆಂದು ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ನನ್ನ ಅಧಿಕಾರವೇನೆಂಬುದನ್ನು ಹೇಳಿಬಿಡುತ್ತೇನೆ. ಈ ವ್ಯಾಪಾರದಲ್ಲಿ ನಾನು ಒಂದು ಕಾಸನ್ನೂ ಹಾಕಿದವನಲ್ಲ, ಹಾಕುವಂತೆಯೂ ಇಲ್ಲ. ಕೇಂದ್ರ ಸರಕಾರಿ ನೌಕರರ ೧೯೬೪ರ ನಡತೆ ನಿಯಮಗಳಲ್ಲಿ ಹದಿನಾರನೆಯದು, ಷೇರು ಮೊದಲಾದ ಹೂಡಿಕೆಗಳಲ್ಲಿ ಸಟ್ಟಾ ಕೂಡದೆಂದೂ, ಪದೇ ಪದೇ ಕೊಂಡು ಮಾರುವುದೂ ಸಟ್ಟಾವೇ ಎಂದೂ ವಿಧಿಸಿದೆ. ಆದರೆ ಕಾಗದದ ಮೇಲೆ ಲೆಕ್ಕ ಹಾಕುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ. ಗುಮಾಸ್ತನಿಗೆ ಅದಕ್ಕಿಂತ ಪ್ರಿಯವಾದ ಕೆಲಸವೂ ಬೇರೆ ಇಲ್ಲ. ಐರೋಲಿಯಲ್ಲಿ ನೌಕರಿಗಿರುವ ನನ್ನ ಸೋದರಳಿಯ ಇಂಥದೊಂದು ಸೂತ್ರ ಕಟ್ಟಿ, ಕಲ್ಯಾಣದಲ್ಲಿ ಸಣ್ಣ ಹೋಟೆಲು ನಡೆಸುವ ತನ್ನ ತಂದೆಯಿಂದ ಮೂರು ಲಕ್ಷ ರೂಪಾಯಿ ಕೇಳಿದ್ದ. ಅದು ಅವನ ತಂಗಿಯ ಮದುವೆಗೆಂದು ಬ್ಯಾಂಕಿನಲ್ಲಿ ಇಟ್ಟ ಠೇವಣಿ. ಭಾವನವರು “ನೀನೇ ಲೆಕ್ಕ ನೋಡಿ ಹೇಳಪ್ಪ” ಎಂದು ಹೊಣೆಯನ್ನು ನನ್ನ ಮೇಲೆ ಹೊರಿಸಿದರು. ಹಾಗಾಗಿ ನಾಲ್ಕು ಭಾನುವಾರ ಹುಡುಗನ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿ ತಿಳಿದುಕೊಂಡೆ.

ಕೆಲಸದ ಬಗೆ ಹೀಗೆ. ಪೈಥಾನ್ ಎಂಬುದು ಕಂಪ್ಯೂಟರಿಗೆ ಆಜ್ಞೆ ಬರೆಯುವ ಒಂದು ಭಾಷೆ, ೧೯೯೧ರಲ್ಲಿ ಹೊರಬಂದದ್ದು. ಅದರಲ್ಲಿ ಬೇರೆಯವರು ಮೊದಲೇ ಬರೆದಿಟ್ಟ ಆಜ್ಞೆಗಳ ಕಟ್ಟಿಗೆ ಲೈಬ್ರರಿ ಎನ್ನುತ್ತಾರೆ, ಪುಸ್ತಕಗಳೇನೂ ಅಲ್ಲಿಲ್ಲ. ನಮ್ಮ ಹುಡುಗ ಹಿಡಿದದ್ದು ‘ಬ್ಯಾಕ್‌ಟೆಸ್ಟಿಂಗ್ ಡಾಟ್ ಪೈ’ ಎಂಬ, ಯಾರು ಬೇಕಾದರೂ ಖರ್ಚಿಲ್ಲದೆ ಇಳಿಸಿಕೊಳ್ಳಬಹುದಾದ ಲೈಬ್ರರಿ. ಅದಕ್ಕೆ ಹಳೆಯ ಬೆಲೆಗಳ ಪಟ್ಟಿ ಕೊಡಬೇಕು. ಪ್ರತಿ ದಿನದ ಅಥವಾ ಪ್ರತಿ ಗಂಟೆಯ ಆರಂಭದ ಬೆಲೆ, ಮುಕ್ತಾಯದ ಬೆಲೆ, ನಡುವಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆ. ಜೊತೆಗೆ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬ ಸೂತ್ರ ಕೊಡಬೇಕು. ಅದು ಕಿರ್ದಿ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವುವ ಗುಮಾಸ್ತನಂತೆ, ಅಂದಿನ ಪುಟ ನೋಡಿ ಸೂತ್ರದ ಪ್ರಕಾರ ಕೊಂಡು ಮಾರಿ, ಕೊನೆಗೆ ಜಮಾ ಖರ್ಚು ಒಪ್ಪಿಸುತ್ತದೆ.

ಎಲ್ಲರೂ ಮೊದಲು ಕಲಿಯುವ ಸೂತ್ರವನ್ನು ವಾಶಿಯ ಈರುಳ್ಳಿ ಮಾರುಕಟ್ಟೆಯಿಂದ ತಿಳಿಯಬಹುದು. ಕಳೆದ ಹತ್ತು ದಿನಗಳ ಸರಾಸರಿ ಬೆಲೆಯನ್ನು ಒಂದು ಕಡೆ, ಇಪ್ಪತ್ತು ದಿನಗಳದನ್ನು ಇನ್ನೊಂದು ಕಡೆ ಬರೆಯಿರಿ. ಹತ್ತರ ಸರಾಸರಿ ಇಪ್ಪತ್ತರದನ್ನು ದಾಟಿ ಮೇಲೇರಿದರೆ, ಬೆಲೆ ಏರುವ ಹಾದಿಯಲ್ಲಿದೆ ಎಂದು ಕೊಳ್ಳುವುದು, ಕೆಳಗಿಳಿದರೆ ಮಾರುವುದು. ಇದರಲ್ಲಿ ಮೋಸವೇನೂ ಇಲ್ಲ. ತೊಂದರೆ ಮುಂದಿದೆ.

ಹತ್ತು ಇಪ್ಪತ್ತೇ ಏಕೆ? ಏಳು, ಮೂವತ್ತಮೂರು ಆಗಬಾರದೆ? ಸಣ್ಣ ಸಂಖ್ಯೆ ೫ರಿಂದ ೩೦ರವರೆಗೆ, ದೊಡ್ಡದು ೩೧ರಿಂದ ೮೦ರವರೆಗೆ ಎಂದರೆ ೧೩೦೦ ಜೋಡಿಗಳಾಗುತ್ತವೆ. ಯಂತ್ರಕ್ಕೆ ಬೇಸರವಿಲ್ಲ; ಎಲ್ಲವನ್ನೂ ಓಡಿಸಿ, ಹಳೆಯ ಬೆಲೆಗಳಿಗೆ ಅತ್ಯುತ್ತಮವಾಗಿ ಹೊಂದಿದ ಜೋಡಿಯನ್ನು ಎತ್ತಿ ಕೊಡುತ್ತದೆ. ಹುಡುಗರು ಅದನ್ನೇ ಸಿದ್ಧಿ ಎಂದು ತಿಳಿಯುತ್ತಾರೆ. ೧೦೨೪ ಮಂದಿಯನ್ನು ನಿಲ್ಲಿಸಿ ಹತ್ತು ಹತ್ತು ಸಲ ನಾಣ್ಯ ಚಿಮ್ಮಿಸಿದರೆ, ಲೆಕ್ಕದ ಪ್ರಕಾರ ಅವರಲ್ಲಿ ಒಬ್ಬನಿಗೆ ಹತ್ತೂ ಸಲ ತಲೆಯೇ ಬೀಳಬೇಕು. ಅವನ ಕೈಗುಣ ದೊಡ್ಡದೆಂದು ಹನ್ನೊಂದನೆಯ ಸಲಕ್ಕೆ ಮನೆ ಒತ್ತೆಯಿಡುವುದು ವಿವೇಕವೆ? ಹೋದ ವರ್ಷದ ಪಂಚಾಂಗದಲ್ಲಿ ಹೋದ ವರ್ಷದ ಮುಹೂರ್ತಗಳೆಲ್ಲ ಸರಿಯಾಗಿಯೇ ಇರುತ್ತವೆ. ಮದುವೆ ಆಗಬೇಕಾದದ್ದು ಮುಂದಿನ ವರ್ಷ.

ಈ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ಮುಂಬಯಿಯ ಮಟ್ಕಾ ಎಲ್ಲರೂ ಕೇಳಿದ ಹೆಸರು. ಒಂದು ಕಾಲಕ್ಕೆ ನ್ಯೂಯಾರ್ಕಿನ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಇಲ್ಲಿ ಪಣ ಕಟ್ಟುತ್ತಿದ್ದರು. ಆ ದರ ಬರುವುದು ನಿಂತ ಮೇಲೆ ೧೯೬೨ರಲ್ಲಿ ಕಲ್ಯಾಣಜಿ ಭಗತ್, ೧೯೬೪ರಲ್ಲಿ ರತನ್ ಖತ್ರಿ ಬೇರೆ ಬೇರೆ ಮಟ್ಕಾ ನಡೆಸಿದರು. ‘ಕಲ್ಯಾಣ ಮಟ್ಕಾ’ ಎಂಬುದು ಈ ಕಲ್ಯಾಣಜಿಯ ಹೆಸರು. ನಮ್ಮ ಕಲ್ಯಾಣ ಊರು ಸುಮ್ಮನೆ ಅಪವಾದ ಹೊತ್ತಿದೆ. ಅದನ್ನು ಆಡುವವರು ಹಿಂದೆ ಬಂದ ಅಂಕಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಚಿಂತಿಸುತ್ತಾರೆ. ಕ್ರಿಪ್ಟೊ ಪೇಟೆ ಮಡಕೆಯೊಳಗಿನ ಚೀಟಿಯಲ್ಲ, ಅಲ್ಲಿ ಕೊಳ್ಳುವವರು ಮಾರುವವರು ಇದ್ದಾರೆ, ಒಪ್ಪುತ್ತೇನೆ. ಆದರೆ ಹಳೆಯ ಪಟ್ಟಿಯಲ್ಲಿ ಬೇಕಾದ ಸೂತ್ರವನ್ನು ಕಾಣುವ ಕಣ್ಣು ಎರಡು ಕಡೆಯೂ ಒಂದೇ.

ಇನ್ನು ಜಮಾ ಖರ್ಚಿಗೆ ಬರೋಣ. ನೀವು ಬೇರೆಯಾಗಿ ಹೇಳದಿದ್ದರೆ ಆ ಲೈಬ್ರರಿ ದಲ್ಲಾಳಿಯ ಕೂಲಿಯನ್ನು ಸೊನ್ನೆ ಎಂದೇ ಹಿಡಿಯುತ್ತದೆ. ನಮ್ಮ ದೇಶದ ತೆರಿಗೆಯಂತೂ ಅದಕ್ಕೆ ಗೊತ್ತೇ ಇಲ್ಲ. ೨೦೨೨ರ ಬಜೆಟ್ಟಿನ ಪ್ರಕಾರ ಕ್ರಿಪ್ಟೊ ಲಾಭದ ಮೇಲೆ ನೂರಕ್ಕೆ ೩೦ ತೆರಿಗೆ, ಅದರ ಮೇಲೆ ನೂರಕ್ಕೆ ೪ರ ಸೆಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದು ವ್ಯವಹಾರದಲ್ಲಿ ೬೦,೦೦೦ ಗಳಿಸಿ ಇನ್ನೊಂದರಲ್ಲಿ ೫೦,೦೦೦ ಕಳೆದಿರಿ ಎನ್ನಿ. ಕೈಯಲ್ಲಿ ಉಳಿದದ್ದು ೧೦,೦೦೦. ತೆರಿಗೆ ಮಾತ್ರ ೬೦,೦೦೦ದ ಮೇಲೆ. ಸೆಸ್ ಸೇರಿ ೧೮,೭೨೦. ಯಂತ್ರ ಲಾಭ ಎಂದು ತೋರಿಸಿದ್ದು ಮನೆಗೆ ಬರುವಾಗ ೮,೭೨೦ ರೂಪಾಯಿ ನಷ್ಟ.

ಇದಲ್ಲದೆ ೨೦೨೨ರ ಜುಲೈಯಿಂದ, ವರ್ಷದ ಮಿತಿ ದಾಟಿದ ಮೇಲೆ, ಮಾರಿದಾಗಲೆಲ್ಲ ಬಂದ ಹಣದಲ್ಲಿ ನೂರಕ್ಕೆ ಒಂದು ಮುರಿದುಕೊಳ್ಳುತ್ತಾರೆ, ಲಾಭವಾಗಲಿ ನಷ್ಟವಾಗಲಿ. ನೂರಕ್ಕೆ ಒಂದು ಏನು ಮಹಾ ಎನ್ನಬೇಡಿ. ವಾರಕ್ಕೆ ಎರಡು ಸಲದಂತೆ ವರ್ಷಕ್ಕೆ ನೂರು ಸಲ ಮಾರಿದರೆ, ಬೆಲೆ ಒಂದಿಷ್ಟೂ ಅಲುಗದಿದ್ದರೂ, ಒಂದು ಲಕ್ಷದಲ್ಲಿ ವ್ಯಾಪಾರಕ್ಕೆ ಉಳಿಯುವುದು ಸುಮಾರು ೩೬,೬೦೦ ರೂಪಾಯಿ. ಉಳಿದದ್ದು ಕಳೆದುಹೋಗುವುದಿಲ್ಲ, ನಿಮ್ಮ ಹೆಸರಿನಲ್ಲಿಯೇ ತೆರಿಗೆ ಇಲಾಖೆಯಲ್ಲಿ ಕುಳಿತು, ರಿಟರ್ನ್ ಸಲ್ಲಿಸಿದ ಮೇಲೆ ಲೆಕ್ಕಕ್ಕೆ ಬರುತ್ತದೆ. ಆದರೆ ಅಷ್ಟರವರೆಗೆ ಅದು ನಿಮ್ಮ ಕೈಯಲ್ಲಿಲ್ಲ. ನಮ್ಮ ಹುಡುಗನ ಸೂತ್ರ ಗಂಟೆಯ ಬೆಲೆಗಳನ್ನು ನೋಡಿ ನಡೆಯುವಂಥದು. ನೂರು ಮಾರಾಟಕ್ಕೆ ಅದಕ್ಕೆ ವರ್ಷವೇ ಬೇಕಿರಲಿಲ್ಲ.

ಹಳೆಯ ಪಟ್ಟಿ ಹೇಳದ ಸಂಗತಿಗಳು ಇನ್ನೂ ಉಂಟು. ೨೦೧೮ರ ಏಪ್ರಿಲ್ ೬ರಂದು ರಿಸರ್ವ್ ಬ್ಯಾಂಕು ಈ ವ್ಯಾಪಾರಕ್ಕೆ ಸೇವೆ ಕೊಡಕೂಡದೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು ೨೦೨೦ರ ಮಾರ್ಚ್ ೪ರಂದು. ಯಂತ್ರ ಆ ಕಾಲದಲ್ಲಿಯೂ ಸಲೀಸಾಗಿ ಕೊಂಡು ಮಾರುತ್ತದೆ. ಬಾಗಿಲು ಮುಚ್ಚಿತ್ತೆಂದು ಅದಕ್ಕೆ ಯಾರು ಹೇಳಬೇಕು? ೨೦೨೨ರ ಮೇ ತಿಂಗಳಿನಲ್ಲಿ ಲೂನಾ ಎಂಬ ನಾಣ್ಯ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಇಂದು ಬದುಕಿ ಉಳಿದ ನಾಣ್ಯಗಳ ಮೇಲಷ್ಟೇ ಸೂತ್ರ ಓಡಿಸಿದರೆ, ಸತ್ತವುಗಳ ಲೆಕ್ಕ ಬಿಟ್ಟುಹೋಗುತ್ತದೆ. ೨೦೨೪ರ ಜುಲೈ ೧೮ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ೨೩ ಕೋಟಿ ಡಾಲರಿಗೂ ಹೆಚ್ಚಿನ ಕ್ರಿಪ್ಟೊ ಕಳುವಾಯಿತು. ಗ್ರಾಹಕರು ತಮ್ಮ ನಾಣ್ಯಗಳಿಗಾಗಿ ವರ್ಷಕ್ಕೂ ಮೀರಿ ಕಾದರು. ಬೆಲೆಯ ಪಟ್ಟಿಯಲ್ಲಿ ಆ ದಿನವೂ ಬೇರೆ ದಿನಗಳಂತೆ ಒಂದು ಸಾಲು, ಅಷ್ಟೆ.

ಹಾಗಾದರೆ ಪರೀಕ್ಷಿಸುವುದೇ ವ್ಯರ್ಥವೆ? ಅಲ್ಲ. ಸೂತ್ರವನ್ನು ಹೊಗಳುವುದಕ್ಕಲ್ಲ, ಬೀಳಿಸುವುದಕ್ಕೆ ಪರೀಕ್ಷಿಸಬೇಕು. ೨೦೧೮ರಿಂದ ೨೦೨೧ರವರೆಗಿನ ಬೆಲೆಗಳಲ್ಲಿ ಸೂತ್ರ ಕಟ್ಟಲಿ. ೨೦೨೨ರಿಂದ ಈಚಿನವನ್ನು ಕಟ್ಟಿಡಲಿ. ಕೊನೆಗೆ ಒಂದೇ ಒಂದು ಸಲ ಅದರ ಮೇಲೆ ಓಡಿಸಲಿ. ಕೂಲಿ, ತೆರಿಗೆ, ಮುರಿದುಕೊಳ್ಳುವ ಹಣ ಎಲ್ಲವನ್ನೂ ಸೇರಿಸಲಿ. ಆ ಲೈಬ್ರರಿ ಕೊಡುವ ವರದಿಯಲ್ಲಿ ಎರಡು ಸಾಲುಗಳನ್ನು ಮನೆಯವರೂ ಕೇಳಿ ನೋಡಬೇಕು. ಒಂದು, ಮೊದಲ ದಿನ ಕೊಂಡು ಸುಮ್ಮನೆ ಇಟ್ಟಿದ್ದರೆ ಏನಾಗುತ್ತಿತ್ತು ಎಂಬುದು. ಸೂತ್ರ ಅದನ್ನು ಮೀರದಿದ್ದರೆ ರಾತ್ರಿಯ ನಿದ್ದೆ ದಂಡವಾಯಿತೆಂದೇ ಅರ್ಥ. ಇನ್ನೊಂದು, ಶಿಖರದಿಂದ ಅತಿ ಆಳಕ್ಕೆ ಬಿದ್ದದ್ದು ಎಷ್ಟು ಎಂಬುದು. ೨೦೨೧ರ ನವೆಂಬರಿನಲ್ಲಿ ೬೯,೦೦೦ ಡಾಲರಿನ ಹತ್ತಿರವಿದ್ದ ಬಿಟ್‌ಕಾಯಿನ್ ಮುಂದಿನ ನವೆಂಬರಿನಲ್ಲಿ ೧೬,೦೦೦ಕ್ಕೂ ಕೆಳಗೆ ಬಂದಿತ್ತು. ೨೦೨೪ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರನ್ನು ದಾಟಿತೆಂಬುದೂ ನಿಜವೇ. ಆದರೆ ಮದುವೆಯ ಮುಹೂರ್ತ ೨೦೨೨ರಲ್ಲಿ ಬಂದಿದ್ದರೆ, ಬೀಗರು ಎರಡು ವರ್ಷ ಕಾಯುತ್ತಿದ್ದರೆ?

ನಮ್ಮ ಹುಡುಗ ಜಾಣ. ನಾನು ಬರೆದುಕೊಟ್ಟ ಖರ್ಚಿನ ಬಾಬುಗಳನ್ನು ಒಂದೊಂದಾಗಿ ತನ್ನ ಸೂತ್ರದಲ್ಲಿ ಸೇರಿಸುತ್ತ ಹೋದ. ಗೋಪುರದಂತೆ ಏರಿದ್ದ ಗೆರೆ ಮೊದಲು ಬಾಗಿತು, ಆಮೇಲೆ ಮಲಗಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಅಪ್ಪನ ಹಣ ಬೇಡ. ಕಾಗದದ ಮೇಲೆಯೇ ಇನ್ನೂ ಒಂದು ವರ್ಷ ನೋಡುತ್ತೇನೆ” ಎಂದ. ಠೇವಣಿ ಬ್ಯಾಂಕಿನಲ್ಲಿಯೇ ಇದೆ.

ಹೆತ್ತವರಿಗೆ ಒಂದು ಮಾತು. ಹುಡುಗರನ್ನು ಗದರಿ ಕಂಪ್ಯೂಟರು ಮುಚ್ಚಿಸಬೇಡಿ. ಪೈಥಾನ್ ಕಲಿತದ್ದು, ಸಾವಿರಾರು ಸಾಲಿನ ಪಟ್ಟಿಯನ್ನು ಒಪ್ಪವಾಗಿ ಅಳೆಯುವುದನ್ನು ಕಲಿತದ್ದು ಎಲ್ಲಿಯೂ ಅನ್ನ ಕೊಡುವ ವಿದ್ಯೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಣವೆಂದರೆ ಎರಡು ತಲೆಮಾರಿನ ಬೆವರು. ಅದನ್ನು ಕೇಳುವವನು ಮಗನೇ ಆಗಿರಲಿ, “ಖರ್ಚು ಸೇರಿಸಿದ ಲೆಕ್ಕ ತೋರಿಸು” ಎಂದು ಕೇಳುವ ಹಕ್ಕು ನಿಮಗಿದೆ. ಹಾಗೆ ಕೇಳುವುದಕ್ಕೆ ಇಂಗ್ಲಿಷೂ ಬೇಡ, ಪೈಥಾನೂ ಬೇಡ.

ಮುಂದಿನ ಸಂಚಿಕೆಯಲ್ಲಿ ಬ್ಯಾಂಕು ಠೇವಣಿಗೆ ವಾರಸುದಾರರ ಹೆಸರು ಬರೆಸುವ ವಿಷಯ.