ಗಿಡುಗ ಎಣಿಸುವುದು ಪುರುಸೊತ್ತಿನವರ ಕೆಲಸವೇ?

ಹಕ್ಕಿ ಎಣಿಸಿದರೆ ಹೊಟ್ಟೆ ತುಂಬುವುದೇ ಎಂದು ಕೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ವಿಷಾದದ ಸಂಗತಿಯೆಂದರೆ, ಹಾಗೆ ಕೇಳುವವರಲ್ಲಿ ರೈತರಿಗಿಂತ ಅಧಿಕಾರಿಗಳೂ ನನ್ನಂತೆ ಕೃಷಿವಿಜ್ಞಾನ ಓದಿದವರೂ ಹೆಚ್ಚು. ಪ್ರಶ್ನೆಯನ್ನು ತಳ್ಳಿಹಾಕದೆ ನೇರವಾಗಿಯೇ ಉತ್ತರಿಸೋಣ.

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸೆಳೆವ ಜಾತಿಯ ಗಿಡುಗಗಳು ದಖ್ಖನ್ನಿನ ಬಯಲಿಗೆ ಬರುತ್ತವೆ. ರೆಕ್ಕೆಗಳನ್ನು ತುಸು ಮೇಲೆತ್ತಿ, ಹುಲ್ಲಿನ ತುದಿ ಸವರುವಂತೆ ತಗ್ಗಿನಲ್ಲಿ ತೇಲುವ ಈ ಹಕ್ಕಿಯನ್ನು ಹಿಂಗಾರಿಯ ಜೋಳದ ಹೊಲದಲ್ಲಿ ಕಾಣದ ಹಿರಿಯರಿಲ್ಲ. ಅದರ ಆಹಾರ ಮಿಡತೆ, ಇಲಿ, ಓತಿ, ಸಣ್ಣ ಹಕ್ಕಿ. ಸಂಜೆಯಾದರೆ ಅದು ಮರ ಏರುವುದಿಲ್ಲ. ಹತ್ತಾರು, ಕೆಲವೆಡೆ ನೂರಾರು ಹಕ್ಕಿಗಳು ಒಂದೇ ಹುಲ್ಲುಗಾವಲಿನಲ್ಲಿ ನೆಲದ ಮೇಲೆಯೇ ತಂಗುತ್ತವೆ. ಆದ್ದರಿಂದಲೇ ಅವುಗಳನ್ನು ಎಣಿಸುವುದು ಸುಲಭ, ಅಳಿಸುವುದೂ ಸುಲಭ.

ಇಂತಹ ತಂಗುದಾಣಗಳ ಎಣಿಕೆಯನ್ನು ಭಾರತದಲ್ಲಿ ಮೊದಲ ಬಾರಿಗೆ ಒಟ್ಟುಗೂಡಿಸಿದವರು ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಅವರ ಸಹೋದ್ಯೋಗಿ ಪ್ರಶಾಂತ್. 2018ರಲ್ಲಿ ಪ್ರಕಟವಾದ ಅವರ ಪ್ರಬಂಧವು ಮೂವತ್ತು ವರ್ಷಗಳಲ್ಲಿ ಈ ಹಕ್ಕಿಗಳ ಸಂಖ್ಯೆ ಕುಸಿದಿರುವುದನ್ನು ಸೂಚಿಸಿತು. ಹಿಂದಿನವರು ಸಂಜೆಯ ಹೊತ್ತು ನಿಂತು ಎಣಿಸಿ ಬರೆದಿಡದೇ ಹೋಗಿದ್ದರೆ ಈ ಕುಸಿತ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಇನ್ನು ಹೊಟ್ಟೆಯ ಮಾತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಂದೂಕಿನವರು ವಲಸೆಯ ಗಿಡುಗಗಳನ್ನು ಮೋಜಿಗಾಗಿ ಕೊಲ್ಲುತ್ತಿದ್ದ ಬೆಟ್ಟವೊಂದನ್ನು 1934ರಲ್ಲಿ ರೋಸಲೀ ಎಡ್ಜ್ ಎಂಬ ಮಹಿಳೆ ಗುತ್ತಿಗೆ ಹಿಡಿದರು. ಅಂದಿನಿಂದ ಅಲ್ಲಿ ಎಣಿಕೆ ಆರಂಭವಾಯಿತು. ಬೋಳು ಹದ್ದುಗಳಲ್ಲಿ ಮರಿಹದ್ದುಗಳ ಪಾಲು 1930ರ ದಶಕದ ಕೊನೆಯಲ್ಲಿ ಶೇ. 40 ಇದ್ದದ್ದು 1950ರ ದಶಕದ ಕೊನೆಗೆ ಶೇ. 20ಕ್ಕೆ ಇಳಿದಿತ್ತು. ರೇಚಲ್ ಕಾರ್ಸನ್ 1962ರಲ್ಲಿ ಡಿ.ಡಿ.ಟಿ. ವಿರುದ್ಧ ಮುಂದಿಟ್ಟ ಸಾಕ್ಷ್ಯಗಳಲ್ಲಿ ಇದೂ ಒಂದು.

ಇನ್ನೊಂದು ಪ್ರಸಂಗ ನಮಗೆ ಮತ್ತಷ್ಟು ಹತ್ತಿರದ್ದು. 1990ರ ದಶಕದ ನಡುವೆ ಉತ್ತರ ಅಮೆರಿಕದಿಂದ ಅರ್ಜೆಂಟೀನಾಕ್ಕೆ ವಲಸೆ ಹೋಗುವ ಸ್ವೇನ್ಸನ್ ಗಿಡುಗಗಳ ಜಾಡು ಹಿಡಿದು ಹೋದವರು ಕಂಡದ್ದು ಹೊಲಗಳಲ್ಲಿ ಬಿದ್ದಿದ್ದ ಸಾವಿರಾರು ಶವಗಳನ್ನು. ಮಿಡತೆ ಕೊಲ್ಲಲು ಸಿಂಪಡಿಸಿದ ಮೊನೊಕ್ರೊಟೊಫಾಸ್, ಮಿಡತೆ ತಿನ್ನಲು ಬಂದ ಹಕ್ಕಿಯನ್ನೇ ಕೊಂದಿತ್ತು. ಆ ಹೆಸರು ನಮ್ಮ ಯಾವ ಹತ್ತಿ ಬೆಳೆಗಾರನಿಗೆ ಅಪರಿಚಿತ? ಅರ್ಜೆಂಟೀನಾ ಆಗಲೇ ಅದನ್ನು ಕೈಬಿಟ್ಟಿತು. ನಮ್ಮಲ್ಲಿ 2005ರಲ್ಲಿ ತರಕಾರಿಗೆ ಮಾತ್ರ ನಿಷೇಧ ಬಂದಿತು, ಶೇ. 36ರ ದ್ರಾವಣವನ್ನು ನಿಷೇಧಿಸುವ ಆದೇಶಕ್ಕೆ 2023ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ, 2018ರಲ್ಲಿ, ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು ಬಂದಿತು. ಸಿಂಪಡಣೆಯನ್ನೇ ಕಾಣದಿದ್ದ ಬೆಳೆಗೂ ಪಂಪು ಹೆಗಲೇರಿತು. ಯಾವ ಊರಿನ ಹೊಲದಲ್ಲಿ ಎಷ್ಟು ವಿಷ ಬೀಳುತ್ತಿದೆ ಎಂಬುದನ್ನು ಔಷಧದ ಅಂಗಡಿಯವರು ಹೇಳಲಾರರು. ಹೊಲದ ಮೇಲೆ ಹಾರುವ ಗಿಡುಗ ಹೇಳಬಲ್ಲದು. ಆದರೆ ಕೇಳಿಸಿಕೊಳ್ಳುವವರು ವರ್ಷ ವರ್ಷವೂ ಅಲ್ಲಿರಬೇಕು.

ವಿಷಕ್ಕಿಂತಲೂ ದೊಡ್ಡ ಆಪತ್ತು ಒಂದು ಪದದಲ್ಲಿದೆ: ಬಂಜರು. ಸರ್ಕಾರಿ ಕಡತದಲ್ಲಿ ಮರವಿಲ್ಲದ ಭೂಮಿಯೆಲ್ಲವೂ ಬಂಜರು. ದನ ಮೇಯುವ, ಹುಲ್ಲು ಕೊಯ್ಯುವ, ಗಿಡುಗ ತಂಗುವ ಗೋಮಾಳಕ್ಕೆ ಆ ಪದ ಅಂಟಿತೆಂದರೆ ನೀಲಗಿರಿ, ಅಕೇಶಿಯಾ ಸಸಿಗಳು ಹಿಂದೆಯೇ ಬರುತ್ತವೆ. ಅದಕ್ಕೆ ಹಸಿರೀಕರಣವೆಂಬ ಗೌರವದ ಹೆಸರು ಬೇರೆ! ನಮ್ಮ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಿತವಾದದ್ದು ಬಯಲಿನ ಪ್ರಾಣಿಗಾಗಿ. ಆ ಬಯಲಿನ ಬಹುಭಾಗವನ್ನು ನೀಲಗಿರಿ ನುಂಗಿತು. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಪಕ್ಷಿ ಇತ್ತು. ಇಂದು ಇಲ್ಲ.

ಈ ಅನ್ಯಾಯವನ್ನು ನಮ್ಮ ಸೀಮೆ ಮೌನವಾಗಿ ಸಹಿಸಿತು ಎಂದಲ್ಲ. ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಒಪ್ಪಿಸುವ ಒಪ್ಪಂದದ ವಿರುದ್ಧ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಆ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಮ್ಮ ಅಜ್ಜಂದಿರ ನೆನಪಿನಲ್ಲಿದೆ. ವಿದ್ಯಾರ್ಥಿಗಳಿಗೆ ಹೇಳಿದವರು ಯಾರು? ಜನ ನ್ಯಾಯಾಲಯಕ್ಕೂ ಹೋದರು, ಕಂಪನಿ ಕಡೆಗೆ ಮುಚ್ಚಿತು. ಹೆಸರಘಟ್ಟದ ಹುಲ್ಲುಗಾವಲಿನ ಕಥೆಯನ್ನೂ ಗಮನಿಸಿ: 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಂರಕ್ಷಣೆಯ ಪ್ರಸ್ತಾವವನ್ನು ತಿರಸ್ಕರಿಸಿತು, 2024ರಲ್ಲಿ ಅದೇ ಮಂಡಳಿ ಒಪ್ಪಿತು. ಹೋರಾಟಗಾರರ ಕೈಯಲ್ಲಿದ್ದ ಆಧಾರಗಳಲ್ಲಿ ಹಕ್ಕಿ ವೀಕ್ಷಕರು ಬರೆದಿಟ್ಟ ಪಟ್ಟಿಗಳೂ ಇದ್ದವು.

ಬೆಂಗಳೂರಿಗೆ ಹತ್ತಿರವಿದ್ದ ಕಾರಣ ಹೆಸರಘಟ್ಟಕ್ಕೆ ಎಣಿಸುವವರು ಸಿಕ್ಕರು. ದುಂಡಸಿ, ಶಿಗ್ಗಾಂವಿ, ಹಿರೇಕೆರೂರಿನ ಗುಡ್ಡಗಳ ಹುಲ್ಲಿಗೆ ಯಾರು? ಭಾನುವಾರ ದೊಡ್ಡ ಕ್ಯಾಮೆರಾ ಹೊತ್ತು ಬರುವವರನ್ನು ನಂಬಿ ಕೂರುವಂತಿಲ್ಲ. ಅವರಿಗೆ ಬೇಕಾದದ್ದು ಚಿತ್ರ. ಹಳ್ಳಿಯವರಿಗೆ ಜಾತಿ ಗುರುತಿಸಲು ಬಾರದು ಎಂಬ ತಕರಾರನ್ನೂ ಕೇಳಿದ್ದೇನೆ. ದನ ಕಾಯುವ ಹುಡುಗನಿಗೆ ಹಕ್ಕಿ ಎಲ್ಲಿ ಇಳಿಯುತ್ತದೆಂಬುದು ಗೊತ್ತು. ಸೆಳೆವದ ಒಳಜಾತಿಗಳನ್ನು ಬೇರ್ಪಡಿಸುವುದು, ಅದರಲ್ಲೂ ಹೆಣ್ಣು ಮತ್ತು ಮರಿಗಳಲ್ಲಿ, ಪಂಡಿತರಿಗೂ ಕಷ್ಟ. ಒಟ್ಟು ಸಂಖ್ಯೆ ಸಾಕು.

ವಿಧಾನ ಸರಳ. ನವೆಂಬರಿನಿಂದ ಫೆಬ್ರವರಿಯವರೆಗೆ ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನಿಂದ ಕತ್ತಲಾಗುವವರೆಗೆ ದೂರದಲ್ಲಿ ನಿಂತು, ಇಳಿಯುವ ಹಕ್ಕಿಗಳನ್ನು ಎಣಿಸಬೇಕು. ಹುಲ್ಲಿನೊಳಗೆ ಕಾಲಿಡಬಾರದು. ಒಂದೂ ಬಾರದಿದ್ದರೆ ಸೊನ್ನೆ ಎಂದೇ ಬರೆಯಬೇಕು. ಆ ಸೊನ್ನೆಗೂ ಬೆಲೆಯಿದೆ. ಪುಸ್ತಕ ಶಾಲೆಯಲ್ಲಿರಲಿ, ಪ್ರತಿ ಪಂಚಾಯಿತಿಯಲ್ಲಿರಲಿ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಎಣಿಕೆಯನ್ನು ಅದರಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಠರಾವು ಕೇಳಿ. ಮುಂದೊಮ್ಮೆ ನಿಮ್ಮ ಗೋಮಾಳವನ್ನು ಬಂಜರೆಂದು ಕರೆಯುವ ಕಡತ ಬಂದಾಗ, ಅದರ ಪಕ್ಕದಲ್ಲಿಡಲು ನಿಮ್ಮದೂ ಒಂದು ಕಾಗದವಿರುತ್ತದೆ.