ಅಂಗಡಿಯ ಒಡೆಯರಾರು?

ಸಿನ್ನರಿನ ಮುಸಳಗಾಂವದಲ್ಲಿರುವ ಔದ್ಯೋಗಿಕ ವಸಾಹತು ಸಹಕಾರಿ ತತ್ತ್ವದ ಮೇಲೆ ಸ್ಥಾಪಿತವಾದುದು. ಮಾಲು ತಯಾರಿಸುವ ಕಾರಖಾನೆದಾರರು ಹೀಗೆ ಒಂದುಗೂಡಬಹುದಾದರೆ, ಅಲ್ಲಿ ದುಡಿದು ತಮ್ಮ ಪಗಾರವನ್ನು ಅಕ್ಕಿ, ಬೇಳೆ, ಎಣ್ಣೆಗಳಿಗೆ ವೆಚ್ಚ ಮಾಡುವವರು ಏಕೆ ಒಂದುಗೂಡಬಾರದು? ಉದ್ಯೋಗವನ್ನರಸಿ ಇತ್ತ ಬಂದ ಕನ್ನಡ ಬಂಧುಗಳು ವಿಚಾರ ಮಾಡಬೇಕಾದ ಪ್ರಶ್ನೆಯಿದು.

ಪರಸ್ಥಳದಲ್ಲಿ ನೆಲೆಸಿದವನಿಗೆ ಬಂಧುಬಳಗದ ಬಲ ಕಡಿಮೆ. ತಿಂಗಳ ಕೊನೆಗೆ ಕಿರಾಣಿ ಅಂಗಡಿಯ ಉದ್ರಿಯೇ ಅವನ ಗತಿ. ಉದ್ರಿ ಪುಸ್ತಕದಲ್ಲಿ ಹೆಸರು ಬಿದ್ದ ಮೇಲೆ ಬೆಲೆಯನ್ನಾಗಲಿ ತೂಕವನ್ನಾಗಲಿ ಪ್ರಶ್ನಿಸುವ ಧೈರ್ಯ ಉಳಿಯುವುದಿಲ್ಲ. ಬಡವನು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಕೇಳುವ ಅಧಿಕಾರವನ್ನೂ ಕೂಡ.

1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲಿನಲ್ಲಿ ನೇಕಾರರೇ ಮೊದಲಾದ 28 ಜನ ಶ್ರಮಿಕರು ಈ ಅಧಿಕಾರವನ್ನು ಮರಳಿ ಪಡೆಯುವ ಮಾರ್ಗವನ್ನು ತೋರಿಸಿದರು. ಕಲಬೆರಕೆಯಿಲ್ಲದ ಮಾಲು, ನೆಟ್ಟಗಿನ ತೂಕ, ನಗದು ವ್ಯವಹಾರ, ಸದಸ್ಯನೊಬ್ಬನಿಗೆ ಒಂದೇ ಮತ, ಖರೀದಿಗೆ ತಕ್ಕಂತೆ ಲಾಭದ ಹಂಚಿಕೆ: ಇವೇ ಅವರ ನಿಯಮಗಳು. ಕನ್ನಡಿಗರಿಗೆ ಸಹಕಾರವು ಹೊಸದೇನಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಮುಂಬಯಿಯ ನಾಯಗಾಂವದ ಕಾರ್ಮಿಕರು 1948ರಲ್ಲಿ ಆರಂಭಿಸಿದ ಗ್ರಾಹಕ ಸಂಸ್ಥೆಯೇ 'ಅಪನಾ ಬಜಾರ'ವೆಂಬ ಮಳಿಗೆಗಳ ಸರಣಿಯಾಗಿ ಬೆಳೆಯಿತು.

ಆದರೆ ಸಹಕಾರವೆಂಬ ಹೆಸರೊಂದೇ ಸಾಲದು. 1966ರಲ್ಲಿ ದಿಲ್ಲಿಯಲ್ಲಿ ತೆರೆದ 'ಸೂಪರ್ ಬಜಾರ' ಹೆಸರಿಗೆ ಸಹಕಾರಿಯಾಗಿದ್ದರೂ ಅದರ ಬಂಡವಾಳದ ಬಹುಭಾಗ ಸರಕಾರದ್ದಾಗಿತ್ತು. ನಷ್ಟದ ಹೊರೆಯಿಂದ 2002ರಲ್ಲಿ ಅದರ ಬಾಗಿಲು ಮುಚ್ಚಿತು. ಸದಸ್ಯರು ಒಡೆಯರಾಗದ ಅಂಗಡಿಯನ್ನು ಕಾಯುವವರಾರು?

ದೊಡ್ಡ ಬಂಡವಾಳದ ಮಳಿಗೆಗಳೂ ಮನೆಬಾಗಿಲಿಗೆ ಸಾಮಾನು ಮುಟ್ಟಿಸುವ ಮೊಬೈಲ್ ವ್ಯಾಪಾರಗಳೂ ಅಗ್ಗವಾಗಿ ಕೊಡುತ್ತಿರುವಾಗ ಈ ತಾಪತ್ರಯವೇಕೆ ಎಂದು ಕೆಲವರು ಕೇಳುವರು. ಪ್ರತಿಯೊಂದು ಪದಾರ್ಥವನ್ನೂ ಅವರಿಗಿಂತ ಅಗ್ಗವಾಗಿ ಕೊಡುವುದು ಸಹಕಾರಿ ಅಂಗಡಿಗೆ ಅಸಾಧ್ಯ, ನಿಜ. ಆದರೆ ಅಲ್ಲಿಯ ಬೆಲೆಯನ್ನು ನಿಶ್ಚಯಿಸುವವರು ನಮಗೆ ಉತ್ತರ ಹೇಳಬೇಕಾಗಿಲ್ಲ. ಲಾಭವು ಊರಿನಲ್ಲಿ ಉಳಿಯುವುದೂ ಇಲ್ಲ. ಸದಸ್ಯರ ಅಂಗಡಿಯಲ್ಲಿ ಲೆಕ್ಕವನ್ನು ಸರ್ವಸಾಧಾರಣ ಸಭೆಯ ಮುಂದೆ ಇಡಲೇಬೇಕು. ನಗದು ನಿಯಮದಿಂದ ಬಡ ಸದಸ್ಯರಿಗೆ ಅಡಚಣೆಯಾಗುವುದೆಂಬುದೂ ಸತ್ಯವೇ. ಅದಕ್ಕೆ ಪರಿಹಾರವು ಅಂಗಡಿಯ ಉದ್ರಿಯಲ್ಲ, ಪತ್ತಿನ ಸಂಘದ ಸಣ್ಣ ಸಾಲ.

1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯದೆಯಂತೆ ಬೇರೆ ಬೇರೆ ಕುಟುಂಬಗಳ ಹತ್ತು ಜನ ಸೇರಿದರೆ ಸಂಘಕ್ಕೆ ಅರ್ಜಿ ಹಾಕಬಹುದು. ಆ ಹತ್ತು ಜನ ಕನ್ನಡಿಗರೇ ಆಗಬೇಕೆಂಬ ಹಟ ಬೇಡ. ನೆರೆಯ ಮರಾಠಿ ಬಾಂಧವರೂ, ಮನೆಯ ಖರ್ಚನ್ನು ಬಲ್ಲ ಗೃಹಿಣಿಯರೂ ಅದರಲ್ಲಿರಲಿ. ಅನ್ನವಿತ್ತ ಊರಿನಲ್ಲಿ ಬರಿಯ ಗಿರಾಕಿಗಳಾಗಿ ಉಳಿಯದೆ ಪಾಲುದಾರರಾಗುವುದೇ ನಮಗೆ ಭೂಷಣ.